ಬಾಳೆಹಣ್ಣು ಕಪ್ಪಾಗಲಿ ಬಿಡಿ: ಬನಾನಾ ಬ್ರೆಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕಾಫಿ ಶಾಪಿನಲ್ಲಿ ಸಿಗುವ ಬನಾನಾ ಬ್ರೆಡ್, ಹೆಸರಿಗೆ ಬ್ರೆಡ್ ಆದರೂ ಬಾಳೆಹಣ್ಣಿನ ಕೇಕೇ, ಅದೇ ದಪ್ಪ ಸ್ಲೈಸು, ಒಳಗೆ ಮೆತ್ತಗೆ, ಮೇಲೆ ಕಂದು ಬಣ್ಣ, ನಡುವೆ ಉದ್ದಕ್ಕೆ ಒಂದು ಬಿರುಕು, ಅದು ಮನೆಯಲ್ಲಿ ಯಾಕೆ ಹಾಗೆ ಬರಲ್ಲ ಅಂತ. ಕೊಡಗಿನ ಬೇರೆ ಬೇರೆ ಊರುಗಳಿಂದ ಇದೇ ಪ್ರಶ್ನೆ ಬಂದಿದೆ. ಹಾಗಾಗಿ ಉಳಿದ ಅಡುಗೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದನ್ನೇ ಪೂರ್ತಿ ಮಾತಾಡೋಣ.

ಅಕ್ಕಾ, ವಿಡಿಯೋ ನೋಡಿ ಅಳತೆ ಚಾಚೂ ತಪ್ಪದೆ ಮಾಡಿದ್ದೇನೆ. ಓವನ್ ಒಳಗೆ ಇರುವಾಗ ಚೆನ್ನಾಗಿ ಉಬ್ಬುತ್ತದೆ, ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ನಡುವೆ ಕುಸಿಯುತ್ತದೆ. ಕತ್ತರಿಸಿದರೆ ತಳದಲ್ಲಿ ಒಂದು ಬೆರಳು ದಪ್ಪ ಹಸಿ ಹಸಿ, ಹಲ್ವಾ ಥರ. ಮೈಸೂರಿನಲ್ಲಿರುವ ನನ್ನ ತಂಗಿ ಅದೇ ರೆಸಿಪಿ ಮಾಡಿದರೆ ಸರಿಯಾಗಿ ಬರುತ್ತದೆ. ನನ್ನ ಓವನ್ ಕೆಟ್ಟಿದೆಯಾ?
– ಓದುಗಿ, ಮಡಿಕೇರಿ

ಓವನ್ ಕೆಟ್ಟಿರಲಿಕ್ಕಿಲ್ಲ. ಹೊಸದು ಕೊಳ್ಳುವ ಮೊದಲು ನಿಮ್ಮ ಊರು ಎಷ್ಟು ಎತ್ತರದಲ್ಲಿದೆ ಅಂತ ನೋಡಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಮೈಸೂರು ಸುಮಾರು 760. ಈ ವ್ಯತ್ಯಾಸ ಅನ್ನ ಸಾರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಬೇಕಿಂಗಿಗೆ ಗೊತ್ತಾಗುತ್ತದೆ. ಸಾಮಾನ್ಯವಾಗಿ 900 ಮೀಟರ್ ದಾಟಿದ ಮೇಲೆ ಕೇಕಿನ ಅಳತೆ ಸ್ವಲ್ಪ ಬದಲಿಸಬೇಕು ಅನ್ನುತ್ತಾರೆ.

ಆಗುವುದು ಇಷ್ಟೇ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಹಿಟ್ಟಿಗೆ ಹಾಕಿದ ಅಡುಗೆ ಸೋಡಾದಿಂದ ಬರುವ ಗ್ಯಾಸು ಬೇಗ, ಜಾಸ್ತಿ ಹಿಗ್ಗುತ್ತದೆ. ಹಿಟ್ಟು ಒಳಗೆ ಬೆಂದು ಗಟ್ಟಿಯಾಗುವ ಮೊದಲೇ ಅದು ಪೂರ್ತಿ ಉಬ್ಬಿ ನಿಂತಿರುತ್ತದೆ, ಹಿಡಿದಿಡಲು ಗೋಡೆಯೇ ಇಲ್ಲದ ಮೇಲೆ ಕುಸಿಯದೆ ಇನ್ನೇನು ಮಾಡೀತು? ನೀರು ಕೂಡ ಮಡಿಕೇರಿಯಲ್ಲಿ 100ಕ್ಕೆ ಕುದಿಯುವುದಿಲ್ಲ, ಹೆಚ್ಚು ಕಡಿಮೆ 96 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಒಳಭಾಗ ಬೇಯುವುದು ನಿಧಾನ.

ಪರಿಹಾರ ಕಷ್ಟದ್ದಲ್ಲ. ಒಂದು ಟೀ ಚಮಚ ಸೋಡಾ ಹಾಕಿ ಅಂತ ಇದ್ದರೆ ಮುಕ್ಕಾಲು ಹಾಕಿ. ಸಕ್ಕರೆ ಒಂದು ದೊಡ್ಡ ಚಮಚ ಕಡಿಮೆ ಮಾಡಿ. ಓವನ್ 175 ಅಂದಲ್ಲಿ 185ಕ್ಕೆ ಇಡಿ, ಹೊರಮೈ ಬೇಗ ಗಟ್ಟಿಯಾಗಿ ಉಬ್ಬಿದ್ದನ್ನು ಹಿಡಿದುಕೊಳ್ಳುತ್ತದೆ. ಎತ್ತರದ ಊರಲ್ಲಿ ಹಾಲು ನೀರು ಜಾಸ್ತಿ ಹಾಕಬೇಕು ಅಂತಲೂ ಓದಿರುತ್ತೀರಿ, ಬನಾನಾ ಬ್ರೆಡ್‌ಗೆ ಅದು ಬೇಡ, ಹಣ್ಣೇ ಸಾಕಷ್ಟು ನೀರು ಬಿಡುತ್ತದೆ. ಕುಶಾಲನಗರದ ಕಡೆಯವರು ಇಷ್ಟೆಲ್ಲ ಬದಲಿಸಬೇಕಾಗಿಲ್ಲ, ಅದು ತಗ್ಗಿನ ಊರು.

ಇನ್ನು ಆ ಹಲ್ವಾ ಪದರ. ಅದರ ತಪ್ಪನ್ನೆಲ್ಲ ಎತ್ತರದ ಮೇಲೆ ಹಾಕುವಂತಿಲ್ಲ, ಮೂರು ಕಾರಣ ಇರುತ್ತವೆ. ಮೊದಲನೆಯದು ಹಣ್ಣು ಜಾಸ್ತಿ ಆಗಿರುವುದು. "ನಾಲ್ಕು ಬಾಳೆಹಣ್ಣು" ಅಂತ ರೆಸಿಪಿಯಲ್ಲಿ ಬರೆದಿರುತ್ತಾರೆ, ಯಾವ ಬಾಳೆ, ಎಷ್ಟು ದೊಡ್ಡದು ಅಂತ ಬರೆದಿರುವುದಿಲ್ಲ. ದಯವಿಟ್ಟು ಲೆಕ್ಕ ಬಿಟ್ಟು ತೂಕ ಮಾಡಿ: 250 ಗ್ರಾಂ ಮೈದಾಕ್ಕೆ ಸಿಪ್ಪೆ ತೆಗೆದ ಹಣ್ಣು 340ರಿಂದ 350 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ಒಂದು ಹಣ್ಣು ಉಳಿದಿದೆ, ಅದನ್ನೂ ಹಾಕಿಬಿಡೋಣ ಅಂತ ಅನ್ನಿಸುತ್ತದೆ ಅಲ್ವಾ, ಅಲ್ಲೇ ತಳ ಹಸಿಯಾಗುವುದು.

ಎರಡನೆಯದು ಕಲಸುವ ರೀತಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಚಪಾತಿ ಹಿಟ್ಟು ನಾದಿ ನಾದಿ ಅಭ್ಯಾಸ ಆದ ಕೈ ಸುಮ್ನೆ ನಿಲ್ಲುವುದಿಲ್ಲ. ಮೈದಾ ಒದ್ದೆಯಾದ ಕೂಡಲೇ ಅದರಲ್ಲಿ ಗ್ಲೂಟನ್ ಅನ್ನುವ ಅಂಟು ಆಗಲು ಶುರುವಾಗುತ್ತದೆ, ತಿರುಗಿಸಿದಷ್ಟೂ ಅದು ಬಿಗಿಯಾಗುತ್ತದೆ. ಬಿಗಿಯಾದರೆ ಬ್ರೆಡ್ ರಬ್ಬರಿನಂತಾಗಿ ಒಳಗೆ ಉದ್ದುದ್ದ ತೂತು ಬೀಳುತ್ತವೆ. ಬೀಟರ್, ಮಿಕ್ಸಿ ಎರಡನ್ನೂ ಮೈದಾ ಹಾಕಿದ ಮೇಲೆ ಮುಟ್ಟಬೇಡಿ. ಮರದ ಸೌಟು ಅಥವಾ ಸ್ಪಾಟುಲಾ ತೆಗೆದುಕೊಂಡು ತಳದಿಂದ ಎತ್ತಿ ಮೇಲೆ ಮಡಚಿ, ಪಾತ್ರೆ ಸ್ವಲ್ಪ ತಿರುಗಿಸಿ, ಮತ್ತೆ ಎತ್ತಿ ಮಡಚಿ. ಬಿಳಿ ಹುಡಿ ಕಾಣದಂತಾದ ಕೂಡಲೇ ನಿಲ್ಲಿಸಿ. ಅಲ್ಲಲ್ಲಿ ಹಣ್ಣಿನ ಗಂಟು ಕಾಣುತ್ತದೆ, ಹಿಟ್ಟು ನಯವಾಗಿಲ್ಲ ಅನ್ನಿಸುತ್ತದೆ. ಹಾಗೇ ಇರಬೇಕು.

ಮೂರನೆಯದು ಬೇಗ ಹೊರಗೆ ತೆಗೆಯುವುದು. ಮೇಲೆ ಕಂದಾಯಿತು ಅಂತ ತೆಗೆದುಬಿಡುತ್ತಾರೆ. ಬ್ರೆಡ್ ಬೇಯಿಸುವ ಉದ್ದನೆಯ ಲೋಫ್ ಟಿನ್ ಆಳ ಇರುತ್ತದೆ, ನಡುವಿನ ಹಿಟ್ಟಿಗೆ ಶಾಖ ತಲುಪಲು 55ರಿಂದ 60 ನಿಮಿಷ ಬೇಕು, ಕೆಲವು ಓವನ್‌ಗಳಲ್ಲಿ ಇನ್ನೂ ಜಾಸ್ತಿ. ಮೇಲೆ ಬಣ್ಣ ಬಂದಿದ್ದರೆ ಸಿಲ್ವರ್ ಫಾಯಿಲ್ ಸಡಿಲವಾಗಿ ಮುಚ್ಚಿ ಮುಂದುವರಿಸಿ. ಟೂತ್‌ಪಿಕ್ ಅನ್ನು ಬಿರುಕಿನ ನಡುಮಧ್ಯ, ತಳದವರೆಗೆ ಚುಚ್ಚಿ ನೋಡಿ. ಒಂದೆರಡು ಒಣ ತುಣುಕು ಅಂಟಿದ್ದರೆ ಆಯಿತು, ಒದ್ದೆ ಹಿಟ್ಟು ಅಂಟಿದ್ದರೆ ಇನ್ನೂ ಹತ್ತು ನಿಮಿಷ. ಬಾಳೆಹಣ್ಣಿನ ಚೂರಿಗೆ ಚುಚ್ಚಿದರೂ ಒದ್ದೆ ಬರುತ್ತದೆ, ಹಾಗಾಗಿ ಎರಡು ಕಡೆ ಚುಚ್ಚಿ. ಮೊದಲ 35 ನಿಮಿಷ ಮಾತ್ರ ಓವನ್ ಬಾಗಿಲು ತೆಗೆಯಲೇಬೇಡಿ.

ನಮ್ಮ ತೋಟದಲ್ಲಿ ಏಲಕ್ಕಿ ಬಾಳೆ, ನೇಂದ್ರ, ಪಚ್ಚಬಾಳೆ ಎಲ್ಲ ಇದೆ. ಗೊನೆ ಹಣ್ಣಾದರೆ ಒಟ್ಟಿಗೇ ಆಗುತ್ತದೆ, ತಿಂದು ಮುಗಿಯುವುದಿಲ್ಲ. ಬನಾನಾ ಬ್ರೆಡ್‌ಗೆ ಯಾವುದು ಒಳ್ಳೆಯದು? ಎಷ್ಟು ಹಣ್ಣಾಗಬೇಕು?
– ಓದುಗರು, ಸೋಮವಾರಪೇಟೆ ಹತ್ತಿರ

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಈ ತಿಂಡಿ ಹುಟ್ಟಿದ್ದೇ ಹೆಚ್ಚಾದ ಹಣ್ಣು ಹಾಳಾಗಬಾರದು ಅನ್ನುವ ಮನೆಗಳಲ್ಲಿ. 1930ರ ದಶಕದ ಅಮೆರಿಕದಲ್ಲಿ, ದುಡ್ಡಿಗೆ ತುಂಬ ಕಷ್ಟ ಇದ್ದ ಕಾಲದಲ್ಲಿ, ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಸುಲಭವಾಗಿ ಸಿಗುತ್ತಿದ್ದುದರಿಂದ ಇದು ಮನೆಮನೆಗೆ ಹರಡಿತು. ನಮ್ಮಲ್ಲೂ ಈ ಬುದ್ಧಿ ಮೊದಲಿನಿಂದ ಇದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮಾಡುವ ತಂಬಿಟ್ಟು ನೋಡಿ, ಹುರಿದ ಅಕ್ಕಿ ಹುಡಿಗೆ ಕಳಿತ ಬಾಳೆಹಣ್ಣು ಕಿವುಚಿ ಹಾಕಿ, ತುಪ್ಪ, ಎಳ್ಳು, ತೆಂಗಿನಕಾಯಿ ಸೇರಿಸಿ ತಿನ್ನುತ್ತೇವೆ. ಸಿಹಿಗೆ ಹಣ್ಣನ್ನೇ ನಂಬಬೇಕು ಅನ್ನುವುದು ಕೊಡಗಿನ ಅಡುಗೆಮನೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಫಿ ಶಾಪಿನ ರುಚಿಗೆ ಹತ್ತಿರ ಬೇಕು ಅಂದರೆ ಪಚ್ಚಬಾಳೆ. ವಿದೇಶದ ರೆಸಿಪಿಗಳೆಲ್ಲ ಆ ಜಾತಿಯ ಹಣ್ಣಿಗೇ ಬರೆದವು, ನೀರಿನಂಶ ಅದಕ್ಕೆ ಹೊಂದುತ್ತದೆ. ಮೂರು ನಾಲ್ಕು ಹಣ್ಣು ಸಾಕು. ಆದರೆ ನನ್ನನ್ನು ಕೇಳಿದರೆ ಏಲಕ್ಕಿ ಬಾಳೆಯ ಬ್ರೆಡ್ಡೇ ಒಂದು ಕೈ ಮೇಲು. ಪರಿಮಳ ಜಾಸ್ತಿ, ಸಿಹಿಯ ಹಿಂದೆ ಸಣ್ಣ ಹುಳಿ ಇರುತ್ತದೆ. ನೀರಿನಂಶ ಕಡಿಮೆ, ಹಾಗಾಗಿ ಎರಡು ಚಮಚ ಮೊಸರು ಜಾಸ್ತಿ ಹಾಕಿ. ಹಣ್ಣು ಚಿಕ್ಕದು, ತೂಕಕ್ಕೆ ಎಂಟೊಂಬತ್ತು ಬೇಕಾಗುತ್ತದೆ. ನೇಂದ್ರ ಬೇಡ ಅನ್ನಲ್ಲ, ಅದರ ತಿರುಳು ಗಟ್ಟಿ, ಹಿಟ್ಟಿನಂಶ ಜಾಸ್ತಿ. ಸಿಪ್ಪೆ ಪೂರ್ತಿ ಕಪ್ಪಾಗಿ ತೆಳ್ಳಗಾಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಬ್ರೆಡ್ಡಿನಲ್ಲಿ ಬೇಯದ ಗಡ್ಡೆ ಸಿಕ್ಕಿದ ಹಾಗಾಗುತ್ತದೆ. ಅದನ್ನು ಚಿಪ್ಸಿಗೂ ಹಬೆಯಲ್ಲಿ ಬೇಯಿಸಿ ತಿನ್ನುವುದಕ್ಕೂ ಇಟ್ಟುಕೊಳ್ಳುವುದೇ ಸರಿ.

ಎಷ್ಟು ಹಣ್ಣಾಗಬೇಕು? ನೀವು ತಿನ್ನಲು ಒಲ್ಲೆ ಅನ್ನುವಷ್ಟು. ಕಾಯಿ ಬಾಳೆಯ ತಿರುಳಿನಲ್ಲಿ 20ರಿಂದ 25 ಶೇಕಡ ಪಿಷ್ಟ ಇರುತ್ತದೆ. ಪೂರ್ತಿ ಕಳಿತ ಹಣ್ಣಿನಲ್ಲಿ ಒಂದೆರಡು ಶೇಕಡ ಉಳಿದರೆ ಹೆಚ್ಚು, ಬಾಕಿ ಎಲ್ಲ ಸಕ್ಕರೆಯಾಗಿರುತ್ತದೆ. ಹಳದಿ ಸಿಪ್ಪೆಯ ಚಂದದ ಹಣ್ಣು ಹಾಕಿದರೆ ಬ್ರೆಡ್ ಸಪ್ಪೆ, ಪರಿಮಳವೂ ಇಲ್ಲ. ಅಂಗಡಿಯ ಬ್ರೆಡ್ಡಿಗೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ, ಯಾವ ಎಸೆನ್ಸೂ ಇದನ್ನು ತುಂಬಲ್ಲ. ಸಿಪ್ಪೆಯಲ್ಲಿ ಮುಕ್ಕಾಲು ಭಾಗ ಕಪ್ಪು, ತೊಟ್ಟಿನ ಹತ್ತಿರವೂ ಹಸಿರಿಲ್ಲ, ಬೆರಳಲ್ಲಿ ಒತ್ತಿದರೆ ಒಳಗೆ ಜಾರುತ್ತದೆ, ಸುಲಿದರೆ ತಿರುಳು ಕಂದು ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಗಾಜಿನಂತೆ ಮಿನುಗುತ್ತದೆ, ಅದು ಸರಿಯಾದ ಹದ. ಹೆಂಡದ ವಾಸನೆ ಬಂದರೆ, ರಸ ಸೋರುತ್ತಿದ್ದರೆ ಅಥವಾ ತೊಟ್ಟಿಗೆ ಬೂಸು ಹಿಡಿದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ.

ಒಂದು ಮಾತು. ಬೇಗ ಕಪ್ಪಾಗಲಿ ಅಂತ ಫ್ರಿಜ್ಜಿನಲ್ಲಿ ಇಡಬೇಡಿ. ಚಳಿಗೆ ಸಿಪ್ಪೆ ಮಾತ್ರ ಕಪ್ಪಾಗುತ್ತದೆ, ಒಳಗಿನ ಪಿಷ್ಟ ಹಾಗೇ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಹಣ್ಣಾಗುವುದು ನಿಧಾನ. ಒಂದು ಸೇಬಿನ ಜೊತೆ ಕಾಗದದ ಚೀಲದಲ್ಲಿ ಸುತ್ತಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ, ಅದರಿಂದ ಬರುವ ಎಥಿಲೀನ್ ಅನಿಲ ಕೆಲಸ ಮಾಡುತ್ತದೆ. ಗೊನೆ ಒಟ್ಟಿಗೇ ಕಳಿತರೆ ಸಿಪ್ಪೆ ತೆಗೆದು 350 ಗ್ರಾಮಿನ ಕವರುಗಳಾಗಿ ಫ್ರೀಜರಿಗೆ ಹಾಕಿ. ಕರಗಿದಾಗ ಬರುವ ಕಂದು ನೀರನ್ನು ಚೆಲ್ಲಬೇಡಿ, ರುಚಿ ಇರುವುದು ಅಲ್ಲೇ. ಅದನ್ನು ಸಣ್ಣ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಸಿ, ಆರಿಸಿ ಹಿಟ್ಟಿಗೆ ಸೇರಿಸಿ.

ನಿಮ್ಮ ಅಳತೆ ಕೊಡಿ ಅಕ್ಕಾ. ಕಾಫಿ ಶಾಪಿನಲ್ಲಿ ಸಿಗುವಂಥದ್ದೇ ಬೇಕು, ಆರೋಗ್ಯದ ಬನಾನಾ ಬ್ರೆಡ್ ಬೇಡ!
– ಕಾಲೇಜು ವಿದ್ಯಾರ್ಥಿನಿ, ವಿರಾಜಪೇಟೆ

ಕೊಡುತ್ತೇನೆ. 9 ಇಂಚು ಉದ್ದ, 5 ಇಂಚು ಅಗಲದ ಒಂದು ಲೋಫ್ ಟಿನ್ನಿಗೆ.

ಮೈದಾ 250 ಗ್ರಾಂ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ (ತಗ್ಗಿನ ಊರಾದರೆ ಒಂದು), ಉಪ್ಪು ಅರ್ಧ ಟೀ ಚಮಚ. ಇವನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಮಳೆಗಾಲದಲ್ಲಿ ಸೋಡಾ ಗಂಟು ಕಟ್ಟಿರುತ್ತದೆ, ಆ ಗಂಟು ಬ್ರೆಡ್ಡಿನಲ್ಲಿ ಬಾಯಿಗೆ ಸಿಕ್ಕರೆ ಸಾಬೂನಿನ ರುಚಿ, ಹಾಗಾಗಿ ಜರಡಿ ಬಿಡಬೇಡಿ. ಸೋಡಾ ಹಳೆಯದಾ ಅಂತ ಅನುಮಾನ ಇದ್ದರೆ ಚಿಟಿಕೆ ಸೋಡಾದ ಮೇಲೆ ನಿಂಬೆರಸ ಬಿಡಿ, ಭುಸ್ಸನೆ ನೊರೆ ಬರಬೇಕು.

ಇನ್ನೊಂದು ಪಾತ್ರೆಯಲ್ಲಿ ಹಣ್ಣು 350 ಗ್ರಾಂ ಫೋರ್ಕಿನಲ್ಲಿ ಕಿವುಚಿ. ಅದಕ್ಕೆ ಕಂದು ಸಕ್ಕರೆ 150 ಗ್ರಾಂ, ಕರಗಿಸಿ ಆರಿಸಿದ ಬೆಣ್ಣೆ 60 ಗ್ರಾಂ, ವಾಸನೆಯಿಲ್ಲದ ಎಣ್ಣೆ 50 ಎಂಎಲ್, ಮೊಟ್ಟೆ ಎರಡು, ಗಟ್ಟಿ ಮೊಸರು 60 ಗ್ರಾಂ, ವೆನಿಲಾ ಒಂದು ಟೀ ಚಮಚ. ಬೆಣ್ಣೆ ಜೊತೆ ಎಣ್ಣೆ ಯಾಕೆ ಅಂದರೆ, ಬೆಣ್ಣೆ ಪರಿಮಳ ಕೊಡುತ್ತದೆ ಆದರೆ ತಣ್ಣಗಾದಾಗ ಗಟ್ಟಿಯಾಗುತ್ತದೆ, ಎಣ್ಣೆ ದ್ರವವಾಗಿಯೇ ಉಳಿಯುವುದರಿಂದ ಮಾರನೆಯ ದಿನವೂ ಬ್ರೆಡ್ ಮೆತ್ತಗಿರುತ್ತದೆ. ಮೊಸರಿನ ಹುಳಿ ಸೋಡಾಕ್ಕೆ ಬೇಕು, ಬಾಳೆಹಣ್ಣಿನ ಹುಳಿಯೊಂದೇ ಸಾಲುವುದಿಲ್ಲ.

ಈಗ ಮೈದಾವನ್ನು ಇದಕ್ಕೆ ಸುರಿದು ಮೇಲೆ ಹೇಳಿದಂತೆ ಮಡಚಿ. ಹುರಿದು ಚೂರು ಮಾಡಿದ ವಾಲ್‌ನಟ್ 75 ಗ್ರಾಂ ಕೊನೆಗೆ. ವಾಲ್‌ನಟ್ ಹಾಕುವ ಮೊದಲು ಒಂದನ್ನು ತಿಂದು ನೋಡಿ, ಅದರ ಎಣ್ಣೆ ಬೇಗ ಹಳಸುತ್ತದೆ. ವಾಲ್‌ನಟ್ ದುಬಾರಿ ಅನ್ನಿಸಿದರೆ ಗೋಡಂಬಿ ಹಾಕಿ, ಏನೂ ಕಡಿಮೆಯಾಗಲ್ಲ. ಟಿನ್ನಿಗೆ ಬಟರ್ ಪೇಪರ್ ಹಾಸಿ, ಎರಡು ಬದಿ ಹೊರಗೆ ಚಾಚಿರಲಿ, ಆಮೇಲೆ ಎತ್ತಿ ತೆಗೆಯಲು ಸುಲಭ. ಹಿಟ್ಟು ಟಿನ್ನಿನ ಮೂರನೇ ಎರಡು ಭಾಗ ಮೀರಬಾರದು.

ಆ ಬಿರುಕಿನ ಬಗ್ಗೆ ಕೇಳಿದ್ದೀರಿ. ಹೊರಮೈ ಗಟ್ಟಿಯಾದ ಮೇಲೂ ಒಳಗಿನ ಹಿಟ್ಟು ಉಬ್ಬುತ್ತಿರುತ್ತದೆ, ಅದು ಎಲ್ಲಾದರೂ ದಾರಿ ಮಾಡಿಕೊಳ್ಳಲೇಬೇಕು. ನಡುವೆ ನೇರವಾಗಿ ಬೇಕಾದರೆ ಮೆತ್ತಗಿನ ಬೆಣ್ಣೆಯನ್ನು ಪೇಪರ್ ಕೋನಿನಲ್ಲಿ ತುಂಬಿ ಹಿಟ್ಟಿನ ಮೇಲೆ ಉದ್ದಕ್ಕೆ ಒಂದು ತೆಳ್ಳಗಿನ ಗೆರೆ ಎಳೆಯಿರಿ. ಬಿರುಕು ಅದೇ ಗೆರೆಯಲ್ಲಿ ಬರುತ್ತದೆ. ಮೇಲೆ ಒಂದು ದೊಡ್ಡ ಚಮಚ ಸಕ್ಕರೆ ಉದುರಿಸಿ. ಅಂಗಡಿಯ ಬ್ರೆಡ್ಡಿನ ಮೇಲ್ಪದರ ಕರುಂ ಅನ್ನುವುದು ಈ ಸಕ್ಕರೆಯಿಂದ.

ಓವನ್ ಮೊದಲೇ 185 ಡಿಗ್ರಿಯಲ್ಲಿ (ತಗ್ಗಿನ ಊರಾದರೆ 175) 15 ನಿಮಿಷ ಕಾದಿರಬೇಕು. ಓಟಿಜಿ (ಮೇಲೆ ಕೆಳಗೆ ರಾಡ್ ಇರುವ ಸಣ್ಣ ಕರೆಂಟ್ ಓವನ್) ಆದರೆ ಮಧ್ಯಕ್ಕಿಂತ ಒಂದು ಹಂತ ಕೆಳಗೆ ಇಡಿ, ಮೇಲಿನ ರಾಡ್ ಹತ್ತಿರ ಇದ್ದರೆ ತಲೆ ಸುಟ್ಟು ಹೊಟ್ಟೆ ಹಸಿ. ಬೆಂದ ಮೇಲೆ ಟಿನ್ನಿನಲ್ಲೇ 15 ನಿಮಿಷ, ಆಮೇಲೆ ಜಾಲರಿ ಮೇಲೆ ಪೂರ್ತಿ ಆರಲಿ. ಬಿಸಿ ಇರುವಾಗ ಕತ್ತರಿಸಿದರೆ ಚೆನ್ನಾಗಿ ಬೆಂದ ಬ್ರೆಡ್ ಕೂಡ ಅಂಟಂಟಾಗಿ ಕಾಣುತ್ತದೆ. ಪೂರ್ತಿ ಆರಿದ ಮೇಲೆ ಬಿಗಿಯಾಗಿ ಸುತ್ತಿ ರಾತ್ರಿ ಇಟ್ಟು ಬೆಳಿಗ್ಗೆ ತಿನ್ನಿ. ತೇವ ಎಲ್ಲ ಕಡೆ ಸಮನಾಗಿ ಹರಡುತ್ತದೆ, ಹಣ್ಣಿನ ಪರಿಮಳ ಏಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಾಯುವುದು ಕಷ್ಟ ಅಂತ ಗೊತ್ತು, ಆದರೂ ಒಂದು ಸಲವಾದರೂ ಕಾದು ನೋಡಿ. ಒಂದು ಇಂಚು ದಪ್ಪ ಕತ್ತರಿಸಿ, ಕಾವಲಿ ಮೇಲೆ ಸ್ವಲ್ಪ ಬೆಣ್ಣೆ ಹಾಕಿ ಎರಡೂ ಬದಿ ಬಿಸಿ ಮಾಡಿ. ಕಾಫಿ ಶಾಪಿನಲ್ಲಿ ನಿಮಗೆ ಕೊಡುವುದೂ ಹೀಗೆ ಬಿಸಿ ಮಾಡಿದ ಹಿಂದಿನ ದಿನದ ಬ್ರೆಡ್ಡನ್ನೇ ಇರಬಹುದು, ಅದು ಕೊರತೆ ಅಲ್ಲ, ಅದರಿಂದಲೇ ಆ ರುಚಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ಬ್ರೆಡ್ ಓಟಿಜಿಯಲ್ಲಿ ಅರ್ಧ ಬೆಂದಾಗ ಕರೆಂಟ್ ಹೋದರೆ ಏನು ಮಾಡಬೇಕು? ಗ್ಯಾಸಿನ ಮೇಲೆ ಮಾಡಬಹುದಾ?
– ಓದುಗಿ, ಪೊನ್ನಂಪೇಟೆ

ಗ್ಯಾಸಿನ ಮೇಲೆ ಖಂಡಿತ ಆಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಓಟಿಜಿ ಹಾಕುವ ಮೊದಲೇ ಗ್ಯಾಸಿನ ಏರ್ಪಾಡು ಪಕ್ಕದಲ್ಲಿ ಸಿದ್ಧ ಇಟ್ಟುಕೊಳ್ಳಿ. ದಪ್ಪ ತಳದ ದೊಡ್ಡ ಬಾಣಲೆ ಅಥವಾ ಹಳೆಯ ಅಲ್ಯುಮಿನಿಯಂ ದಬರಿ, ಒಳಗೆ ಒಂದು ಸ್ಟ್ಯಾಂಡ್, ಸರಿಯಾಗಿ ಕೂರುವ ಮುಚ್ಚಳ. ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಟಿನ್ ಇಟ್ಟ ಮೇಲೆ ಸಣ್ಣ ಉರಿ. ಲೋಫ್ ಟಿನ್ ಹಿಡಿಸದಿದ್ದರೆ 7 ಇಂಚಿನ ಗುಂಡು ಟಿನ್ನಿನಲ್ಲಿ ಅರ್ಧ ಅಳತೆ ಮಾಡಿ, 40 ನಿಮಿಷಕ್ಕೆ ಚುಚ್ಚಿ ನೋಡಿ. ಟಿನ್ನಿನ ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿದರೆ ಮುಚ್ಚಳದ ನೀರು ಬ್ರೆಡ್ ಮೇಲೆ ತೊಟ್ಟಿಕ್ಕುವುದಿಲ್ಲ. ಮೇಲೆ ಓವನ್ನಿನಷ್ಟು ಬಣ್ಣ ಬರಲ್ಲ, ರುಚಿ ಬರುತ್ತದೆ.

ಪ್ರೆಷರ್ ಕುಕ್ಕರಿನಲ್ಲಿ ನೀರಿಲ್ಲದೆ ಮಾಡುವ ವಿಡಿಯೋಗಳು ತುಂಬಾ ಇವೆ. ದಿನಾ ಅನ್ನ ಮಾಡುವ ಕುಕ್ಕರನ್ನು ಹಾಗೆ ಒಣ ಕಾಯಿಸುವುದು ನನಗೆ ಒಪ್ಪಿಗೆ ಇಲ್ಲ, ಕುಕ್ಕರ್ ಹಾಳಾಗುತ್ತದೆ. ಮಾಡಲೇಬೇಕು ಅಂದರೆ ಹಳೆಯದರಲ್ಲಿ ಮಾಡಿ, ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿಡಿ. ಇದರಲ್ಲಿ ರಾಜಿ ಬೇಡ.

ಕರೆಂಟ್ ನಡುವೆ ಹೋದರೆ ಮೊದಲು ಬಾಗಿಲು ತೆಗೆಯಬೇಡಿ. ಒಂದೆಡೆ ಬಾಣಲೆ ಕಾಯಲು ಇಡಿ. ಆ ಹತ್ತು ನಿಮಿಷದಲ್ಲಿ ಕರೆಂಟ್ ಬಂದರೆ ಸರಿ, ಸಮಯ ಸ್ವಲ್ಪ ಜಾಸ್ತಿ ಕೊಡಿ. ಬರದಿದ್ದರೆ ಟಿನ್ನನ್ನು ಕುಲುಕದೆ ಕಾದ ಬಾಣಲೆಗೆ ದಾಟಿಸಿ ಮುಚ್ಚಿ ಬೇಯಿಸಿ. ಅರ್ಧ ಗಂಟೆ ಕಳೆದ ಮೇಲೆ ಹೋಗಿದ್ದರೆ ಏನೂ ಗೊತ್ತಾಗುವುದೇ ಇಲ್ಲ. ಮೊದಲ ಕಾಲು ಗಂಟೆಯಲ್ಲಿ ಹೋದರೆ ಸ್ವಲ್ಪ ಚಪ್ಪಟೆಯಾಗುತ್ತದೆ, ತಿನ್ನಲು ಅಡ್ಡಿಯಿಲ್ಲ.

ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಮೊಟ್ಟೆ ಇಲ್ಲದೆ ಆಗುತ್ತಾ? ಮೈದಾ ಬದಲು ಗೋಧಿ ಹಿಟ್ಟು?
– ಓದುಗಿ, ಕುಶಾಲನಗರ

ಎರಡೂ ಆಗುತ್ತದೆ. ಬಾಳೆಹಣ್ಣೇ ಹಿಟ್ಟನ್ನು ಹಿಡಿದುಕೊಳ್ಳುವುದರಿಂದ ಮೊಟ್ಟೆ ಬಿಡಲು ಇದಕ್ಕಿಂತ ಸುಲಭದ ಕೇಕ್ ಇಲ್ಲ. ಎರಡು ಮೊಟ್ಟೆ ಬದಲು 100 ಗ್ರಾಂ ಮೊಸರು ಹೆಚ್ಚಿಗೆ ಹಾಕಿ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ. ಗೋಧಿ ಹಿಟ್ಟನ್ನು ಮೊದಲ ಸಲ ಅರ್ಧಕ್ಕರ್ಧ ಮಾಡಿ, ಅದು ನೀರು ಜಾಸ್ತಿ ಹೀರುತ್ತದೆ, ಎರಡು ಚಮಚ ಹಾಲು ಬೇಕಾಗುತ್ತದೆ. ಪೂರ್ತಿ ಗೋಧಿ ಮಾಡಿದರೆ ಗಟ್ಟಿ, ಅದು ನನಗೆ ಅಷ್ಟು ಹಿಡಿಸುವುದಿಲ್ಲ.

ಕೊಡಗಿನಲ್ಲಿದ್ದು ಕಾಫಿ ಹಾಕದಿದ್ದರೆ ಹೇಗೆ? ಎಷ್ಟು ಹಾಕಬಹುದು?
– ಓದುಗರು, ಸಿದ್ದಾಪುರ

ಹಾಕಿ. ಕಾಫಿ ಬಾಳೆಹಣ್ಣಿನ ಅತಿ ಸಿಹಿಯನ್ನು ಹದಕ್ಕೆ ತರುತ್ತದೆ. ಮೊಸರಿನಲ್ಲಿ ಎರಡು ದೊಡ್ಡ ಚಮಚ ಕಡಿಮೆ ಮಾಡಿ ಅಷ್ಟೇ ಗಟ್ಟಿ ಡಿಕಾಕ್ಷನ್ ಹಾಕಿ, ಮೊದಲ ಇಳಿಕೆಯದ್ದು, ಆರಿರಬೇಕು. ಚಿಕೋರಿ ಇಲ್ಲದ ಅರೇಬಿಕಾ ಪುಡಿ ಆದರೆ ಒಳ್ಳೆಯದು. ಚಿಕೋರಿ ಜಾಸ್ತಿ ಇದ್ದರೆ ಬೆಂದ ಮೇಲೆ ಕಹಿ ಎದ್ದು ಕಾಣುತ್ತದೆ. ಪುಡಿಯನ್ನೇ ನೇರವಾಗಿ ಹಿಟ್ಟಿಗೆ ಹಾಕಬೇಡಿ, ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ. ಕಾಫಿ ಹಾಕಿದ ದಿನ ವೆನಿಲಾ ಬಿಟ್ಟು ಎರಡು ಏಲಕ್ಕಿ ಕುಟ್ಟಿ ಹಾಕಿ ನೋಡಿ.

ನಮ್ಮದು ಸಣ್ಣ ಹೋಂಸ್ಟೇ. ಬೆಳಗಿನ ತಿಂಡಿ ಜೊತೆ ಕೊಡೋಣ, ಕೇಳಿದವರಿಗೆ ಕಟ್ಟಿಯೂ ಕೊಡೋಣ ಅಂತಿದ್ದೇನೆ. ಎಷ್ಟು ದಿನ ಇಡಬಹುದು?
– ಓದುಗಿ, ಮಡಿಕೇರಿ ತಾಲ್ಲೂಕು

ಬೇಸಿಗೆ ಚಳಿಗಾಲದಲ್ಲಿ ಗಾಳಿಯಾಡದ ಡಬ್ಬದಲ್ಲಿ ಎರಡು ದಿನ ಹೊರಗೆ ಇಡಬಹುದು. ಮಳೆಗಾಲದಲ್ಲಿ ಒಂದೇ ದಿನ, ನಮ್ಮ ತೇವಕ್ಕೆ ಬೂಸು ಬೇಗ ಬರುತ್ತದೆ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ. ಹೋಂಸ್ಟೇಗೆ ಸರಿಯಾದದ್ದು ಫ್ರೀಜರ್: ಪೂರ್ತಿ ಆರಿಸಿ, ಕತ್ತರಿಸಿ, ಒಂದೊಂದು ಸ್ಲೈಸನ್ನೂ ಬೇರೆ ಬೇರೆ ಸುತ್ತಿ ಇಟ್ಟರೆ ಎರಡು ತಿಂಗಳು ರುಚಿ ಕೆಡುವುದಿಲ್ಲ. ಅತಿಥಿಗಳು ಏಳುವ ಮೊದಲು ಬೇಕಾದಷ್ಟೇ ತೆಗೆದು ನೇರವಾಗಿ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮುಚ್ಚಳ ಮುಚ್ಚಿ. ಕಟ್ಟಿ ಮಾರುವುದಾದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ, ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಪೊಟ್ಟಣದ ಮೇಲೆ ಮಾಡಿದ ದಿನಾಂಕ ಬರೆಯಿರಿ, ಮೊಟ್ಟೆ ಮತ್ತು ವಾಲ್‌ನಟ್ ಇದೆ ಅಂತಲೂ ಬರೆಯಿರಿ. ಕೆಲವರಿಗೆ ಅದು ಅಲರ್ಜಿ.